ಸೋಮಾರಿಯ ಮೂರು ಸೆಕೆಂಡು

"ಅತ್ತಿಗೆ, ಇವತ್ತೂ ಟೈಮ್ ಮುಗಿದು ಸೋತ್ರೆ ಸೋಮಾರಿನ ಪಟ್ಟಿಯಿಂದ ತೆಗೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ," ಎಂದರು ಫೋನಿನಲ್ಲಿ ಮೇಷ್ಟ್ರು.

ಸೋಮಾರಿ ಅವಳ ಗಂಡ ಬರೆದ ಚೆಸ್ ಪ್ರೋಗ್ರಾಂ. ಆ ಹೆಸರು ಮೇಷ್ಟ್ರು ಮೊದಲಾದ ಗೆಳೆಯರು ಇಟ್ಟದ್ದು. ಎಂಟು ಜನ ತಾವು ಬರೆದ ಪ್ರೋಗ್ರಾಂಗಳನ್ನು ಪ್ರತಿ ಭಾನುವಾರ ಮಧ್ಯಾಹ್ನ, ತಂತಮ್ಮ ಮನೆಯಿಂದಲೇ, ಮೇಷ್ಟ್ರ ಕಂಪ್ಯೂಟರಿಗೆ ಜೋಡಿಸಿ ಒಂದರೊಡನೊಂದು ಆಡಲು ಬಿಡುತ್ತಿದ್ದರು. ಆಡುವವು ಯಂತ್ರಗಳು, ಬೈದಾಡುವವರು ಇವರು. ಗಂಡ ತೀರಿಕೊಂಡು ಹನ್ನೊಂದು ತಿಂಗಳಾಗಿದ್ದರೂ ಅವಳು ಒಂದು ವಾರವೂ ತಪ್ಪಿಸದೆ ಸೋಮಾರಿಯನ್ನು ಆಟಕ್ಕೆ ಕಳಿಸಿದ್ದಳು.

"ಈ ತಿಂಗಳಿಂದ ಎರಡೇ ನಿಮಿಷದ ಆಟ ಇರಲಿ ಅಂತ ಎಲ್ಲರೂ ಹಟ ಹಿಡಿದ್ರು. ನಿಮ್ಮದು ನೋಡಿದ್ರೆ ಪ್ರತಿ ನಡೆಗೂ ಮೂರು ಸೆಕೆಂಡ್ ಸುಮ್ನೆ ಕೂರುತ್ತೆ."

"ಯೋಚನೆ ಮಾಡ್ತಿರುತ್ತಲ್ವಾ?"

"ಎಲ್ಲಿಯ ಯೋಚನೆ! ಅದೆಲ್ಲ ಕಣ್ಣು ಮಿಟುಕಿಸೋದ್ರೊಳಗೆ ಮುಗಿದಿರುತ್ತೆ. ಆಮೇಲೆ ಬರೀ ಕಾಯುತ್ತೆ, ಹಾಗಂತ್ಲೇ ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದಿದ್ದ. ಆ ಸಾಲು ತೆಗಿಯೋ ಮಾರಾಯ ಅಂತ ನಾಲ್ಕು ವರ್ಷ ಬಾಯಿ ಬಡ್ಕೊಂಡೆ. ನಕ್ಕು ಸುಮ್ನಾಗ್ತಿದ್ದ."

ಮದುವೆಯಾದ ಹೊಸದರಲ್ಲಿ ಅವಳು ಗಂಡನ ಪಕ್ಕ ಕೂತು, "ಇಷ್ಟು ಬೇಗ ಆಡಿದ್ರೆ ನಾನು ಹೇಗೆ ಹೇಳೋದು?" ಎಂದು ಜಗಳ ತೆಗೆದಿದ್ದಳು. ಮುಂದೆ ಯಾವ ಕಾಯಿ ನಡೆಯುತ್ತದೆಂದು ಮೊದಲೇ ಹೇಳುವುದು ಅವಳ ಆಟ. ಮರುವಾರ ಸೋಮಾರಿ ನಿಧಾನವಾಗಿತ್ತು. "ಕಂಪ್ಯೂಟರಿಗೆ ವಯಸ್ಸಾಯ್ತು ಕಣೇ," ಎಂದಿದ್ದ. ಅವಳು ನಂಬಿದ್ದಳು. ಅವಳು ಹೇಳಿದ್ದು ಸರಿಯಾದರೆ ಅವನ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು.

"ಇನ್ನೂ ಹತ್ತು ನಿಮಿಷ ಇದೆ ಅತ್ತಿಗೆ. ನೀವೇ ತೆಗೀಬಹುದು, ನಿಮಗೇನು ಬರಲ್ವಾ?"

ಫೋನನ್ನು ಮೇಜಿನ ಮೇಲಿಟ್ಟು ಅವಳು ಪ್ರೋಗ್ರಾಂ ತೆರೆದಳು. ಕಾಯುವ ಸಾಲನ್ನು ಹುಡುಕಬೇಕಾಗಲಿಲ್ಲ, ಮೇಲೆಯೇ ಇತ್ತು. ತೆಗೆಯದಿದ್ದರೆ ಮುಂದಿನ ಭಾನುವಾರ ಇಲ್ಲ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಒತ್ತಿದಳು.

ಒಳಗಿನಿಂದ ಅತ್ತೆ ಕುರ್ಚಿ ಎಳೆದುಕೊಂಡು ಬರುವ ಸದ್ದಾಯಿತು. "ತಡಿಯೇ, ನಾನಿಲ್ಲದೆ ಶುರು ಮಾಡ್ಬೇಡ."

"ಶುರು ಮಾಡೋದು ಮೇಷ್ಟ್ರು, ಅತ್ತೆ. ನಾನಲ್ಲ."

ಎದುರಾಳಿಯ ಕಾಯಿ ನಡೆಯುವುದೇ ತಡ, ಸೋಮಾರಿಯ ಉತ್ತರ ಬಿದ್ದಿರುತ್ತಿತ್ತು. "ಕುದುರೆ" ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ನಡೆ ಮುಗಿದವು. ಮತ್ತೆ ಪ್ರಯತ್ನಿಸಿದಳು. ಆಮೇಲೆ ಬಿಟ್ಟಳು.

"ಗೆದ್ದುಬಿಡ್ತಲ್ರೀ!" ಫೋನಿನಲ್ಲಿ ಮೇಷ್ಟ್ರು ಕೂಗಿದರು. "ನೋಡಿ, ಅವತ್ತೇ ನನ್ನ ಮಾತು ಕೇಳಿದ್ದಿದ್ರೆ..." ಅರ್ಧಕ್ಕೇ ನಿಲ್ಲಿಸಿದರು.

ಅತ್ತೆ ಇನ್ನೂ ಬಾಗಿಲಲ್ಲಿದ್ದರು. "ಏನಾಯ್ತೇ?"

"ನಿಮ್ಮ ಮಗ ಗೆದ್ರು ಅತ್ತೆ."

"ಮತ್ತೆ ನೀನು ಒಂದೂ ಹೇಳಿದ್ದು ಕೇಳಿಸಲೇ ಇಲ್ವಲ್ಲ."

ಮುಂದಿನ ಆಟ ಆಗಲೇ ಶುರುವಾಗಿತ್ತು. ಅತ್ತೆ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಅವರ ಕನ್ನಡಕದ ಗಾಜಿನಲ್ಲಿ ಕಪ್ಪು ಬಿಳಿ ಕಾಯಿಗಳು ಸರಸರನೆ ಓಡುತ್ತಿದ್ದವು.