ನೀಲಿ ಫ್ಯೂಸು

ಮೊಣಕಾಲಿನ ಆಪರೇಷನ್ ಆದ ಮೇಲೆ ಅತ್ತೆ ತಮ್ಮ ಮಗಳು-ಅಳಿಯನ ಮನೆಯಲ್ಲಿದ್ದರು. ಬಟ್ಟೆ ಹೊಲಿದು ಒಬ್ಬರೇ ಮಗಳನ್ನು ಬೆಳೆಸಿದ ಜೀವ. ಈಗ ಎದ್ದು ನಿಲ್ಲಲೂ ಇನ್ನೊಬ್ಬರ ಕೈ ಹಿಡಿಯಬೇಕಾಗಿ ಬಂದದ್ದು ಅವರಿಗೆ ನುಂಗಲಾರದ ತುತ್ತಾಗಿತ್ತು. ಮಗಳ ಮೇಲಾದರೆ ಸಿಡುಕಬಹುದು, ಅಳಿಯನ ಮೇಲೆ ಆಗುತ್ತದೆಯೇ? ಒಳ್ಳೆಯವನೇ, ಆದರೆ ಮಾತು ಕಡಿಮೆ. ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾನೋ ಎಂದು ಅತ್ತೆಗೆ ಒಳಗೊಳಗೇ ಅಳುಕು.

ಆ ಭಾನುವಾರ ಅಳಿಯನ ಅಕ್ಕನ ಮನೆಗೆ ಊಟಕ್ಕೆ ಹೊರಟಿದ್ದರು. ಕಾಲು ಚಾಚಲು ಅನುಕೂಲವೆಂದು ಅತ್ತೆಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ಬೀಗ ಹಾಕಲು ಹೋದ ಮಗಳು ಏನೋ ಮರೆತು ಮತ್ತೆ ಒಳಗೆ ಹೋದಳು. ಅಳಿಯ ಇಂಜಿನ್ ಚಾಲೂ ಮಾಡಿ, ಹಿಂದಿನ ಗಾಜು ಒರೆಸಲು ಇಳಿದ. ಹಾಡುತ್ತಿದ್ದ ರೇಡಿಯೋ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡಿತು.

“ಏನಾಯ್ತು ಅತ್ತೆ?”

“ನಾನೇನೂ ಮುಟ್ಟಿಲ್ಲ ನೋಡಿ!”

ಅಳಿಯ ಇಂಜಿನ್ ಆರಿಸಿ, ಅತ್ತೆಯ ಬಾಗಿಲು ತೆರೆದು, ಅವರ ಕಾಲ ಬಳಿಯೇ ಕುಕ್ಕರಗಾಲಿನಲ್ಲಿ ಕೂತ. ಅತ್ತೆಗೆ ಮುಜುಗರವಾಗಿ ಕಾಲು ಎಳೆದುಕೊಳ್ಳಹೋದರು. ಮೊಣಕಾಲು ಚುಳ್ ಎಂದಿತು. ಆತ ಡ್ಯಾಶ್‌ಬೋರ್ಡಿನ ಕೆಳಗಿದ್ದ ಮುಚ್ಚಳ ತೆಗೆದ. ಒಳಗೆ ಬಣ್ಣಬಣ್ಣದ ಫ್ಯೂಸುಗಳು ಸಾಲಾಗಿ ಕೂತಿದ್ದವು. ಮುಚ್ಚಳದ ಹಿಂದಿನ ಚಿತ್ರ ನೋಡಿ, ಪ್ಲಾಸ್ಟಿಕ್ ಚಿಮಟದಿಂದ ನೀಲಿಯದೊಂದನ್ನು ಕಿತ್ತು ಬೆಳಕಿಗೆ ಹಿಡಿದ. ನಡುವಿನ ತಂತಿ ತುಂಡಾಗಿತ್ತು. ಅಲ್ಲೇ ಹೆಚ್ಚುವರಿಯಾಗಿ ಇಟ್ಟಿದ್ದವುಗಳಲ್ಲಿ ಅದೇ ಅಳತೆಯದೊಂದನ್ನು ಹಾಕಿ, ಆಚೆ ಬದಿಗೆ ಹೋಗಿ ಕೀ ತಿರುಗಿಸಿದ. ಅದೂ ಸುಟ್ಟುಹೋಯಿತು.

“ಎಲ್ಲೋ ಶಾರ್ಟ್ ಆಗ್ತಿದೆ. ಚಾರ್ಜರ್ ಸಾಕೆಟ್ಟಿಗೂ ಇದೇ ಫ್ಯೂಸು,” ಎಂದು ಗೊಣಗಿಕೊಂಡು ಕೀ ತೆಗೆದ. ಮೊಬೈಲಿನ ಬೆಳಕಿನಲ್ಲಿ ಸೀಟಿನ ಪಕ್ಕದ ಗುಂಡನೆಯ ಸಾಕೆಟ್ಟಿನೊಳಗೆ ಇಣುಕಿ, ಚಿಮಟ ಇಳಿಸಿ ಎಳೆದ. ಬಂದದ್ದು ಒಂದು ಹೇರ್‌ಪಿನ್ನು.

ಅತ್ತೆಯ ಕೈ ತಾನಾಗಿಯೇ ತುರುಬಿಗೆ ಹೋಯಿತು.

“ಅಯ್ಯೋ! ಒರಗಿದ್ರೆ ಚುಚ್ತಿತ್ತು ಅಂತ ತೆಗೆದೆ. ಅಷ್ಟು ಚೆಂದದ ಗುಂಡಿ ಮಾಡಿಟ್ಟಿದ್ದಾರಲ್ಲ, ಇಂಥದ್ದು ಇಡೋಕೇ ಅಂದ್ಕೊಂಡೆ. ಬಂದಾಗಿಂದ ನಿಮಗೆ ಒಂದಲ್ಲ ಒಂದು ತೊಂದರೆ ಕೊಡ್ತಾನೇ ಇದೀನಿ.”

ಅಳಿಯ ಪಿನ್ನನ್ನು ಅಂಗೈಯಲ್ಲಿ ಹೊರಳಿಸಿದ.

“ತೊಂದರೆ ಎಲ್ಲಿ ಬಂತು ಅತ್ತೆ? ನೀವು ಒಬ್ಬರೇ ಇದ್ದಾಗ ಇವಳು ಫೋನ್ ಕೈಲಿ ಹಿಡ್ಕೊಂಡೇ ಮಲಗೋಳು, ಅಮ್ಮ ಎಲ್ಲಿ ಬಿದ್ದುಗಿದ್ದುಬಿಟ್ಟಳೋ ಅಂತ. ಈಗ ಗೊರಕೆ ಹೊಡೀತಾಳೆ. ನಂಗೂ ನಿದ್ದೆ ಬರ್ತಿದೆ.”

ಆತನ ಬಾಯಿಂದ ಒಟ್ಟಿಗೆ ಇಷ್ಟು ಮಾತು ಬಂದದ್ದನ್ನು ಅತ್ತೆ ಕೇಳಿದ್ದೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು.

ಉಳಿದಿದ್ದುದು ಒಂದೇ ನೀಲಿ ಫ್ಯೂಸು. ಅಳಿಯನ ದಪ್ಪ ಬೆರಳಿನಿಂದ ಅದು ಎರಡು ಸಲ ಜಾರಿ ಬಿತ್ತು.

“ಇಲ್ಲಿ ಕೊಡಿ. ಕತ್ತಲಲ್ಲೂ ಸೂಜಿಗೆ ದಾರ ಹಾಕಿದೋಳು ನಾನು.” ಅತ್ತೆ ಬಗ್ಗಿ, ತಡವಿ ನೋಡಿ, ಒತ್ತಿದರು. ಟಕ್ಕೆಂದು ಕೂತಿತು. ಕೀ ತಿರುಗಿಸಿದರೆ ರೇಡಿಯೋದಲ್ಲಿ ಯಾರೋ ಔಷಧಿಯ ಜಾಹೀರಾತು ಕೂಗುತ್ತಿದ್ದರು.

ಅಷ್ಟರಲ್ಲಿ ಮಗಳು ಬಂದಳು. “ಯಾಕೆ, ಗಾಡಿಗೆ ಏನಾಯ್ತು?”

“ಏನಿಲ್ಲ, ಫ್ಯೂಸು ಹಳೇದಾಗಿತ್ತು,” ಎಂದು ಅಳಿಯ ಪಿನ್ನನ್ನು ಮೆಲ್ಲಗೆ ಜೇಬಿಗಿಳಿಸಿದ.

“ಹಳೇದೂ ಇಲ್ಲ, ಮಣ್ಣೂ ಇಲ್ಲ. ನಾನೇ ಕಣೇ ಸುಟ್ಟಿದ್ದು!” ಎಂದರು ಅತ್ತೆ. ಅಳಿಯನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕಿದ್ದು ನೋಡಿ ಅತ್ತೆಯೂ ನಕ್ಕರು. ಮಗಳು ಇಬ್ಬರ ಮುಖವನ್ನೂ ಪಿಳಿಪಿಳಿ ನೋಡಿದಳು.

ಊಟಕ್ಕೆ ಕೂತಾಗ, ತಡವಾದದ್ದೇಕೆಂದು ಅಕ್ಕ ಕೇಳಿದಳು. ಅತ್ತೆ ಪಿನ್ನು ಇಟ್ಟಲ್ಲಿಂದ ಹಿಡಿದು ಎಲ್ಲವನ್ನೂ ಕೈಬಾಯಿ ಆಡಿಸಿ ಬಣ್ಣಿಸಿ, “ಒಂದಲ್ಲಮ್ಮ, ಎರಡು ಫ್ಯೂಸು ಸುಟ್ಟೆ!” ಎಂದರು.

“ಎರಡನೇದು ನಾನು ಸುಟ್ಟಿದ್ದು ಅತ್ತೆ,” ಎಂದ ಅಳಿಯ, ತಟ್ಟೆಯಿಂದ ತಲೆಯೆತ್ತಿ. “ಅದನ್ನೂ ನಿಮ್ಮ ತಲೆಗೇ ಕಟ್ಕೋಬೇಡಿ.”