ಕುರ್ಚಿ ಕೇಳಿದವಳು

ಪೀಣ್ಯದ ಆ ಗಾರ್ಮೆಂಟ್ಸಲ್ಲಿ ಬಾಯಿ ಅಂದ್ರೆ ಲೈನ್ ಸೂಪರ್‌ವೈಸರ್ ಶಶಿಕಲಾದೇ. ರಜೆ ಬೇಕೇ, ಬಸ್ಸು ಊರೊಳಗೇ ಬರಬೇಕೇ, ನೆಟ್ಟಗೆ ಮ್ಯಾನೇಜರ್ ರಾಜೇಂದ್ರನ ಮುಂದೆ ನಿಂತು, "ಮಾಡಿದ್ರೆ ಮಾಡಿ ಸಾರ್, ಇಲ್ದಿದ್ರೆ ನಾಳೆಯಿಂದ ಬರಲ್ಲ" ಅಂದುಬಿಡುವಳು. ಆಗೇ ಆಗುತ್ತಿತ್ತು. ಆಗದೆ ಏನು? ಅವಳದು ನಾಗಸಂದ್ರದ ಹಳೇ ಮನೆತನ, ಫ್ಯಾಕ್ಟರಿ ನಿಂತಿರೋ ಜಾಗವೇ ಅವಳ ಮಾವ ನಲ್ಲಪ್ಪಂದು. ಎಲ್ಲಾ ತನ್ನ ಬಾಯಿಯ ಪ್ರತಾಪ ಅಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ!

ಅವಳ ಲೈನಲ್ಲಿ ಬಟ್ಟೆ ಚೆಕ್ ಮಾಡೋಳು ಮಹಾದೇವಿ, ಕೊಪ್ಪಳದ ಕಡೆಯವಳು, ತುಂಬಿದ ಬಸುರಿ. ಆ ಕೆಲಸ ದಿನವಿಡೀ ನಿಂತೇ ಮಾಡಬೇಕು. ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಗುಂಡಿ ಹಾಕೋ ಟೇಬಲ್ಲಿಗೆ ಕಳಿಸಿದರೆ ಕೂತು ಮಾಡಬಹುದಿತ್ತು.

"ಅಳ್ತಾ ಕೇಳ್ಬೇಡ ಕಣೆ. ಕುರ್ಚಿ ಕೊಡಿ, ಇಲ್ಲಾ ಕೆಲಸ ಬಿಡ್ತೀನಿ ಅನ್ನು. ಬಾಯಿ ಮುಚ್ಕೊಂಡು ಕೊಡ್ತಾನೆ," ಅಂತ ಶಶಿಕಲಾ ಊಟದ ಹೊತ್ತಲ್ಲಿ ಗಿಣಿಪಾಠ ಮಾಡಿಸಿದಳು. ಜೊತೆಗೂ ಹೋದಳು.

ಮಹಾದೇವಿ ಮೆಲುದನಿಯಲ್ಲೇ ಎಲ್ಲಾ ಒಪ್ಪಿಸಿದಳು. ರಾಜೇಂದ್ರ ತಲೆಯೆತ್ತಿ, "ಹೌದಾ? ಸರಿ, ಬಿಡು. ಹೊರಡು" ಅಂದ. ಅವಳು ಆಚೆ ಹೋದಮೇಲೆ ಶಶಿಕಲಾಳನ್ನು ಕೇಳಿದ, "ಇವಳಿಲ್ದೆ ಲೈನ್ ನಡೆಯುತ್ತಲ್ವಾ?"

'ನಡೆಯಲ್ಲ ಸಾರ್' ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಆದರೆ ಫ್ಲೋರ್ ಇನ್‌ಚಾರ್ಜ್ ಆಗಿ ಬಡ್ತಿ ಶಶಿಕಲಾಗೇ ಅಂತ ಮಾತಾಗಿತ್ತು. ಎತ್ತಿಕಟ್ಟಿದ್ದು ತಾನೇ ಅಂತ ಗೊತ್ತಾದರೆ ಅದಕ್ಕೆ ಕಲ್ಲು ಬೀಳುತ್ತೆ. ಊರಿಗೆಲ್ಲಾ ಬುದ್ಧಿ ಹೇಳೋ ಆ ಬಾಯಿ, "ಅಡ್ಜಸ್ಟ್ ಮಾಡ್ಕೋತೀವಿ ಸಾರ್" ಅಂದಿತು. ಥೂ!

ಮಾರನೇ ದಿನ ಸಂಜೆ ಎಲ್ಲಾ ಹೇಳಿಬಿಡಬೇಕು ಅಂತಲೇ ಮಾದನಾಯಕನಹಳ್ಳಿಗೆ, ಮಹಾದೇವಿಯ ಬಾಡಿಗೆ ರೂಮಿಗೆ ಹೋದಳು. ಅವಳು ಗಡಬಡಿಸಿ ಎದ್ದು ಚಹಾಕ್ಕಿಟ್ಟಳು.

"ತಪ್ಪು ನಂದ ಐತ್ರಿ ಅಕ್ಕಾರ. ನೀವು ಕಲಿಸಿದಂಗ ಗಟ್ಟಿ ಹೇಳಾಕ ಬರಲಿಲ್ಲ. ಸಾಹೇಬ್ರ ಕೂಡ ಜಗಳಾಡಿ ನಿಮ್ಮ ಕೆಲಸಕ್ಕೇನರ ಆತೇನೋ ಅಂತ ರಾತ್ರಿಯೆಲ್ಲಾ ನಿದ್ದಿಲ್ಲ ನನಗ. ನಾ ಹೊರಗ ಬಂದ ಮ್ಯಾಗ ನನ್ನ ಸಲುವಾಗಿ ಭಾಳ ಬಡಿದಾಡಿದ್ರೇನ್ರಿ?"

ಶಶಿಕಲಾಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಹೇಳಬೇಕಾದ ಮಾತು ನಾಲಗೆ ತುದಿವರೆಗೂ ಬಂತು.

"ಹೂಂ ಕಣೆ," ಅಂದಳು, "ಎಷ್ಟು ಹೇಳಿದ್ರೂ ಕೇಳ್ಲಿಲ್ಲ."