ಗುಂಡಿಗೆ ಮೊದಲು ಇಳಿದವನು

ಭರಮಣ್ಣನದು ಹರಿಹರ. ಪಾಯಿಖಾನೆ ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಗಾಡಿ ಇಟ್ಟುಕೊಂಡು ದಾವಣಗೆರೆಗೂ ಹೋಗಿಬರುತ್ತಿದ್ದ. ಗಾಡಿ ಅವನೇ ಓಡಿಸುತ್ತಿದ್ದ. ಪೈಪು ಹಿಡಿಯುವ ಕೆಲಸ ಖುದ್ದೂಸನದು. ಹನ್ನೊಂದು ವರ್ಷದಿಂದ ಇಬ್ಬರೇ. ತಳದ ಗಟ್ಟಿ ಕೆಸರು ಪೈಪಿಗೆ ಬಾರದಿದ್ದರೆ ಖುದ್ದೂಸ್ ಒಳಗಿಳಿದು ಸಲಿಕೆಯಿಂದ ಕಲಕಿ ಬರುತ್ತಿದ್ದ. ಹಾಗೆ ಇಳಿಸಬಾರದೆಂಬ ಕಾನೂನು ಇಬ್ಬರಿಗೂ ಗೊತ್ತಿತ್ತು. ಆ ಬಗ್ಗೆ ಮಾತಾಡುತ್ತಿರಲಿಲ್ಲ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಹಿಂದಿನ ತಗಡಿನ ಮನೆಗಳ ಸಾಲಿನಿಂದ ಕಮಲಕ್ಕ ಎಂಬಾಕೆ ಫೋನ್ ಮಾಡಿದ್ದಳು. ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಹೋದರು. ಓಣಿ ಕಿರಿದು. ಗಾಡಿ ದೂರದಲ್ಲೇ ನಿಲ್ಲಿಸಿ, ಪೈಪಿಗೆ ಪೈಪು ಜೋಡಿಸುತ್ತ ಮನೆ ಮುಟ್ಟಿದಾಗ ಕಮಲಕ್ಕ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

“ನಿಮ್ಮೋರು ಆಗ್ಲೇ ಗುಂಡಿಗೆ ಇಳದಾರಲ್ರಿ,” ಎಂದಳು.

ಬಂದಿರುವುದು ನಾವಿಬ್ಬರೇ ಎಂದು ಭರಮಣ್ಣ ಹೇಳಿದರೆ ಅವಳು ನಂಬಲಿಲ್ಲ. ವಯಸ್ಸಾದವರು, ತಲೆಗೆ ಟವೆಲ್ ಸುತ್ತಿದ್ದರು, ಹಿತ್ತಲಿಗೆ ಹೋಗಿ ಅರ್ಧ ತಾಸಾಯಿತು ಎಂದಳು.

ಹಿತ್ತಲಲ್ಲಿ ಗುಂಡಿಯ ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಇಬ್ಬರು ಹಾರೆ ಹಾಕಿ ಸರಿಸಬೇಕಾದ ಚಪ್ಪಡಿ ಅದು. ಅಂಚಿನಲ್ಲಿ ಒಂದು ಜೊತೆ ಹಳೆಯ ಚರ್ಮದ ಚಪ್ಪಲಿ, ಯಾರದೋ ಮನೆ ಬಾಗಿಲಲ್ಲಿ ಬಿಟ್ಟಷ್ಟು ಒಪ್ಪವಾಗಿ. ಭರಮಣ್ಣ ಬಗ್ಗಿ ಕೂಗಿದ. ಒಳಗಿನ ಕರಿ ನೀರು ಅಲುಗಲಿಲ್ಲ.

ಖುದ್ದೂಸ್ ಆಗಲೇ ಅಂಗಿ ಬಿಚ್ಚುತ್ತಿದ್ದ. ಭರಮಣ್ಣ ಅವನ ರಟ್ಟೆ ಹಿಡಿದ.

“ಇಳಿಬ್ಯಾಡ.”

“ಒಳಗ ಮನುಷ್ಯ ಅದಾನಣ್ಣ,” ಎಂದ ಖುದ್ದೂಸ್.

“ಅರ್ಧ ತಾಸಾತಂತೆ. ನಿನ್ನೂ ಕಳಕೊಳ್ಳೋದು ನನ್ನ ಕೈಲಿ ಆಗಲ್ಲ.”

ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಅವರು ಬರುವವರೆಗೆ ಸುಮ್ಮನಿರಲಾಗದೆ ಗುಂಡಿಗೆ ಪೈಪು ಬಿಟ್ಟು ಮಷಿನ್ ಚಾಲೂ ಮಾಡಿದರು. ನೀರು ಇಳಿಯುತ್ತ ಒಂದೊಂದೇ ಸಿಮೆಂಟ್ ರಿಂಗು ಕಾಣತೊಡಗಿತು. ಈಗ ಟವೆಲ್ ಕಾಣುತ್ತದೆ, ಈಗ ತಲೆ ಕಾಣುತ್ತದೆ ಎಂದು ಭರಮಣ್ಣ ಪ್ರತಿ ರಿಂಗಿಗೂ ಉಸಿರು ಹಿಡಿದ. ನಾಲ್ಕನೆಯದರ ಹೊತ್ತಿಗೆ ಪೈಪು ತಾನಾಗಿ ಅಲುಗಿತು. ಯಾರೋ ಕೆಳಗಿನಿಂದ ಹಿಡಿದು, ಬೇಕಾದ ಜಾಗಕ್ಕೆ ತಿರುಗಿಸಿದ ಹಾಗೆ. ಖುದ್ದೂಸ್ ಬೆಚ್ಚಿ ಕೈಬಿಟ್ಟ. ಪೈಪು ಬೀಳಲಿಲ್ಲ, ನೆಟ್ಟಗೆ ನಿಂತೇ ಇತ್ತು. ತಳದ ಗಟ್ಟಿ ಕೆಸರೆಲ್ಲ ಗೊಳಗೊಳ ಏರಿ ಬಂತು.

ತಳ ಕಂಡಿತು. ಒಳಗೆ ಯಾರೂ ಇರಲಿಲ್ಲ.

ಅಗ್ನಿಶಾಮಕದವರು ಹಗ್ಗಕ್ಕೆ ಕಟ್ಟಿ ಇಳಿಸಿದ, ವಿಷಗಾಳಿ ಅಳೆಯುವ ಗ್ಯಾಸ್ ಮೀಟರ್ ಅರ್ಧಕ್ಕೇ ಕೂಗಿಕೊಂಡಿತು. ಎರಡು ಉಸಿರು ಸಾಕಿತ್ತು, ಇಳಿದವನು ಮೇಲೆ ಬರುತ್ತಿರಲಿಲ್ಲ ಎಂದು ಅವರಲ್ಲೊಬ್ಬ ಹೇಳಿದ. ಖುದ್ದೂಸ್ ಗೋಡೆಗೆ ಒರಗಿ ಕೂತುಬಿಟ್ಟ.

ಸುಳ್ಳು ಹೇಳಿ ಕರೆಸಿದಿರಾ ಎಂದು ಅವರು ಕೇಳಿದ್ದಕ್ಕೆ ಕಮಲಕ್ಕ ಅತ್ತಳು. ಬಂದವನು ನೀರು ಕೇಳಿದ್ದನಂತೆ. ಲೋಟ ಕೊಟ್ಟರೆ ಮುಟ್ಟಲೊಲ್ಲದೆ, ದೂರ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿ, ಮೇಲಿನಿಂದ ಹೊಯ್ಯಿಸಿಕೊಂಡು ಕುಡಿದನಂತೆ. ಊರವರ ಬಾಗಿಲಲ್ಲಿ ಭರಮಣ್ಣನ ಅಜ್ಜ ಕುಡಿಯುತ್ತಿದ್ದುದು ಹಾಗೆ. ಈಗ ಯಾರೂ ಹಾಗೆ ಕುಡಿಯುವುದಿಲ್ಲ. ಏನಾದರೂ ಹೇಳಿದರೇ ಎಂದು ಕೇಳಿದ.

“‘ಹಿಂದೆ ಗಾಡಿ ಬರ್ತೈತೆ. ನಾನು ಇಳಿತೀನಿ, ಮತ್ಯಾರೂ ಇಳಿಯೋದು ಬ್ಯಾಡ ಅಂತ ಹೇಳವ್ವ’ ಅಂದ್ರು,” ಎಂದಳು ಕಮಲಕ್ಕ. “ಅದನ್ನ ಹೇಳೋದು ಮರ್ತೆ ನಾನು.”

ಪೊಲೀಸರು ಬಂದು ಬರೆದುಕೊಂಡು ಹೋದರು. ತಮ್ಮ ಮನೆಯ ಹಿರಿಯರು ಕಾಣೆಯಾಗಿದ್ದಾರೆಂದು ಹುಡುಕಿಕೊಂಡು ಯಾರೂ ಬರಲಿಲ್ಲ. ಭರಮಣ್ಣ ಮರುವಾರವೇ ಕೆಸರು ಕಲಕಲು ಜೋರು ನೀರು ಬಿಡುವ ಪಂಪು ತಂದ.

ಖುದ್ದೂಸ್ ಮಾತ್ರ ಗುಂಡಿ ಖಾಲಿ ಮಾಡಿದ ದಿನ ಸಂಜೆಯೇ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೆಂಡತಿಗೆ ಹೇಳಿದ. ಅವಳು ಬೈಯಲಿಲ್ಲ; ಎಷ್ಟು ಸಲ ಇಳಿದಿದ್ದೆ ಎಂದಷ್ಟೇ ಕೇಳಿದಳು. ಅವನು ಒಂದೊಂದೇ ಓಣಿಯ ಹೆಸರು ಹೇಳುತ್ತ ಹೋದ. ಅರ್ಧಕ್ಕೆ ಬಂದಾಗ ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.